ಹೊಟ್ಟೆಯೊಳಗಿನ ಕೂಸಿಗೂ ಕೋವಿಡ್ ಹತ್ತುತ್ತದೆಯೇ? ಭೋಸರಿಯ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಕೆಲಸದ ವಿವರಗಳನ್ನು ಬದಲಿಸಲಾಗಿದೆ.)

2025ರ ಜೂನ್. ಮಹಾರಾಷ್ಟ್ರದಲ್ಲಿ ಕೋವಿಡ್ ಮತ್ತೆ ತಲೆ ಎತ್ತಿದ್ದ ದಿನಗಳು. ವಿಜಯಪುರ ಕಡೆಯಿಂದ ಬಂದು ಪುಣೆಯ ಭೋಸರಿಯಲ್ಲಿ ನೆಲೆಸಿರುವ ಕುಟುಂಬ. ಗಂಡ ಚಾಕಣದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸಗಾರ. ಹೆಂಡತಿಗೆ 26 ವರ್ಷ, ಚೊಚ್ಚಲ ಬಸಿರು, 37ನೇ ವಾರ. ಎರಡು ದಿನದಿಂದ ಜ್ವರ, ಒಣಕೆಮ್ಮು; ಆರ್‌ಟಿ-ಪಿಸಿಆರ್ ವರದಿ ಪಾಸಿಟಿವ್. 2021ರಲ್ಲಿ ಲಸಿಕೆಯ ಎರಡೂ ಡೋಸ್ ಆಗಿವೆ. ಬಿಪಿ, ಸಕ್ಕರೆ ಯಾವುದೂ ಇಲ್ಲ.

ಆಪ್ತಸಲಹೆ ಕೇಳಿ ನಮಗೆ ಕರೆ ಮಾಡಿದವರು ಆಕೆಯ ಅತ್ತೆ. "ಅಕ್ಕಾರ, ಹೊಟ್ಯಾಗಿನ ಕೂಸಿಗೂ ಹತ್ತಿರ್ತೈತೇನ್ರಿ? ಡಾಕ್ಟರಿಗೆ ಹೇಳಿ ಬ್ಯಾಗನ ಕೊಯ್ದು ತಗಸಿಬಿಡೂಣೇನ್ರಿ?"

ಅವರ ಗಾಬರಿಗೆ ಕಾರಣ ಮೊಬೈಲಿನಲ್ಲಿತ್ತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತಾಯಿಯ ಹೊಟ್ಟೆಯಲ್ಲೇ ಮಗುವಿಗೆ ಸೋಂಕು ತಗುಲಿದ ಸುದ್ದಿಯನ್ನು ಸಂಬಂಧಿಕರೊಬ್ಬರು ವಾಟ್ಸಾಪಿನಲ್ಲಿ ಕಳಿಸಿದ್ದರು. ಸುದ್ದಿ ಸುಳ್ಳಲ್ಲ, ಆದರೆ ಅದು 2020ರ ಜುಲೈನದು. ಆ ಮಗುವಿನ ಮೂಗಿನ ದ್ರವ, ಹೊಕ್ಕುಳಬಳ್ಳಿ, ಮಾಸು (ಕಸ) ಮೂರರಲ್ಲೂ ವೈರಸ್ ಸಿಕ್ಕಿತ್ತು. ಮಗು ಹುಟ್ಟಿದ ಮೇಲೆ ತೀವ್ರವಾಗಿ ಕಾಯಿಲೆ ಬಿದ್ದು, ಆಮೇಲೆ ಗುಣವಾಗಿ ಮನೆಗೆ ಹೋಯಿತು. ದೇಶದಲ್ಲಿ ವರದಿಯಾದ ಮೊದಲ ಪ್ರಕರಣ ಎಂದೇ ಅದು ಪತ್ರಿಕೆಗಳಲ್ಲಿ ಬಂದದ್ದು. ಫಾರ್ವರ್ಡ್ ಆದ ಚಿತ್ರದಲ್ಲಿ ತಾರೀಖೂ ಇರಲಿಲ್ಲ, ಮಗು ಗುಣವಾದ ಸಾಲೂ ಇರಲಿಲ್ಲ. ಇಂಥ ಹೊತ್ತಿನಲ್ಲಿ "ಅದೆಲ್ಲಾ ಸುಳ್ಳು" ಎಂದುಬಿಟ್ಟರೆ ಮನೆಯವರಿಗೆ ನಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಆದದ್ದು ಹೌದು, ಅಪರೂಪ ಎನ್ನುವುದೂ ಹೌದು ಎಂದೇ ಮಾತು ಆರಂಭಿಸಿದೆವು.

ಎಷ್ಟು ಅಪರೂಪ? 2022ರಲ್ಲಿ ಬ್ರಿಟನ್ನಿನ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಸಮೀಕ್ಷೆಯೊಂದು ಸೋಂಕಿತ ತಾಯಂದಿರಿಗೆ ಹುಟ್ಟಿದ 14,271 ಮಕ್ಕಳ ಲೆಕ್ಕ ಹಾಕಿತು. ಪಾಸಿಟಿವ್ ಬಂದದ್ದು ನೂರಕ್ಕೆ 1.8. ಹುಟ್ಟಿದ ಮೇಲೆ ಗಾಳಿಯಿಂದ, ಕೈಯಿಂದ ತಗುಲಿಸಿಕೊಂಡವರೂ ಇದರಲ್ಲೇ ಸೇರಿದ್ದಾರೆ. ಗರ್ಭದಲ್ಲೇ ತಗುಲಿದ್ದು ಎಂದು ಖಚಿತವಾಗಿ ಹೇಳಬಹುದಾದ ಮಕ್ಕಳು ಬೆರಳೆಣಿಕೆಯಷ್ಟು. ಕಾರಣವೂ ಇದೆ. ಸೌಮ್ಯ ಕೋವಿಡ್‌ನಲ್ಲಿ ವೈರಸ್ ಹೆಚ್ಚಾಗಿ ಮೂಗು, ಗಂಟಲು, ಶ್ವಾಸಕೋಶದಲ್ಲಿರುತ್ತದೆ, ರಕ್ತಕ್ಕೆ ಇಳಿಯುವುದು ಕಡಿಮೆ. ಇಳಿದರೂ, ಅದು ಜೀವಕೋಶದ ಒಳಹೊಗಲು ಬೇಕಾದ ಎಸಿಇ2 ಮತ್ತು ಟಿಎಂಪಿಆರ್‌ಎಸ್‌ಎಸ್2 ಎಂಬ ಎರಡು ಪ್ರೋಟೀನುಗಳು ಮಾಸಿನ ಕೋಶಗಳಲ್ಲಿ ಜೊತೆಯಾಗಿ ಸಿಗುವುದು ವಿರಳ.

ಅದೇ ಸಮೀಕ್ಷೆಯ ಇನ್ನೊಂದು ಮಾತು ಈ ಮನೆಗೆ ಹೆಚ್ಚು ಮುಖ್ಯವಾಗಿತ್ತು. ಸಹಜ ಹೆರಿಗೆ, ಎದೆಹಾಲು, ತಾಯಿ-ಮಗು ಒಂದೇ ಕೋಣೆಯಲ್ಲಿರುವುದು, ಇವು ಯಾವುದರಿಂದಲೂ ಮಗು ಪಾಸಿಟಿವ್ ಆಗುವುದು ಹೆಚ್ಚಲಿಲ್ಲ. ಹೆಚ್ಚಿದ್ದು ತಾಯಿಯ ಕಾಯಿಲೆ ತೀವ್ರವಾದಾಗ. ಹಾಗಾಗಿ ಕೋವಿಡ್ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ, ಅವಧಿಗೆ ಮುಂಚೆ ಹೆರಿಗೆ ಮಾಡಿಸುವುದೂ ಬೇಡ. "ಅಮ್ಮಾರ, ಕೂಸಿನ ಚಿಂತಿ ಮಾಡೂದಾದ್ರ ಮೊದಲ ಸೊಸಿ ಉಸಿರಾಟ ನೋಡ್ರಿ" ಎಂದೆವು. ಇಡೀ ಪ್ರಕರಣದಲ್ಲಿ ನಾವು ಹೇಳಿದ್ದರ ತಿರುಳು ಇದೇ. ಗರ್ಭಿಣಿಯ ಕೋವಿಡ್‌ನಲ್ಲಿ ಮಗುವಿಗೆ ಬರುವ ಅಪಾಯ ಬಹುಪಾಲು ತಾಯಿಯ ಮೂಲಕವೇ: ಆಮ್ಲಜನಕ ಕುಸಿಯುವುದು, ಬಿಪಿ ಏರುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು. ಅಪರೂಪಕ್ಕೆ ಮಾಸಿಗೇ ಉರಿಯೂತವಾಗಿ ಅದು ಕೆಲಸ ನಿಲ್ಲಿಸುತ್ತದೆ. ಆಗ ಮಗುವಿಗೆ ವೈರಸ್ ತಗುಲದಿದ್ದರೂ ಜೀವಕ್ಕೆ ಕುತ್ತು. ಮಗುವಿನ ಓಡಾಟ ಎಣಿಸಬೇಕಾದದ್ದು ಇದಕ್ಕಾಗಿ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು. ಎರಡು ಗಂಟೆಯಲ್ಲಿ 10 ಸಲ ಮಿಸುಕಾಡದಿದ್ದರೆ, ಅಥವಾ ದಿನಾ ಆಡುವುದಕ್ಕಿಂತ ಮಂಕಾಗಿದೆ ಎನಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಮನೆಯಲ್ಲಿತ್ತು. ಮೊದಲ ರಾತ್ರಿಯೇ ಅದು 91 ತೋರಿಸಿ ಮನೆಯವರೆಲ್ಲ ಎದ್ದು ಕುಳಿತರು. ಮಾತಾಡಲು ಆಕೆಗೆ ತೊಂದರೆ ಇದೆಯೇ, ನಿಮಿಷಕ್ಕೆ ಎಷ್ಟು ಉಸಿರು ಎಂದು ಮೊದಲು ಕೇಳಿದೆವು. ಮಾತು ಸಲೀಸು, ಉಸಿರು 18. ಆಮೇಲೆ ತಿಳಿಯಿತು: ಹಿಂದಿನ ವಾರವಷ್ಟೇ ಕುಬಸ (ಸೀಮಂತ) ಆಗಿತ್ತು, ಬೆರಳ ತುದಿಗೆ ಗಾಢ ಮೆಹಂದಿ, ಮೇಲೆ ನೇಲ್ ಪಾಲಿಶ್, ಕೈ ತಣ್ಣಗೆ. ಪಾಲಿಶ್ ತೆಗೆದು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಐದು ನಿಮಿಷ ಒರಗಿ ಕುಳಿತು, ಮೆಹಂದಿ ಹತ್ತದ ಕಾಲ್ಬೆರಳಿಗೆ ಹಾಕಿ ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾದರೆ 97. ಗರ್ಭಿಣಿಗೆ 95ಕ್ಕಿಂತ ಕೆಳಗಿಳಿಯಬಾರದು; ಸಾಮಾನ್ಯ ರೋಗಿಗೆ 94 ಸಾಕು ಎನ್ನುವ ಲೆಕ್ಕ ಇಲ್ಲಿ ನಡೆಯದು. ಸರಿಯಾಗಿ ಅಳೆದ ಮೇಲೂ ಕಡಿಮೆ ಬಂದರೆ, ಉಸಿರು ನಿಮಿಷಕ್ಕೆ 24 ದಾಟಿದರೆ, ಒಂದು ವಾಕ್ಯ ಮುಗಿಸಲು ನಡುವೆ ಉಸಿರೆಳೆಯಬೇಕಾದರೆ 108ಕ್ಕೆ ಕರೆ. ತಲೆಸಿಡಿತದ ಜೊತೆ ಕಣ್ಣು ಮಂಜಾದರೆ, ಗರ್ಭದ ನೀರು ಹೋದರೆ, ರಕ್ತ ಕಂಡರೆ ಆಗಲೂ ಅಷ್ಟೇ.

ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಗಂಡ ಹಿಂದೆ ತನಗೆ ಮೈಕೈ ನೋವಿಗೆ ತಂದಿದ್ದ ಐಬುಪ್ರೊಫೆನ್ ಕೊಡಲು ಹೊರಟಿದ್ದರು, ನಿಲ್ಲಿಸಿದೆವು. 20ನೇ ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೂ, ದಿನ ತುಂಬುತ್ತಾ ಬಂದಂತೆ ಹೃದಯದ ರಕ್ತನಾಳಕ್ಕೂ ತೊಂದರೆ ಕೊಡಬಲ್ಲದು. ಕಷಾಯ ಬೇಡವೆನ್ನಲಿಲ್ಲ, ಆದರೆ ದಿನಕ್ಕೆ ಐದಾರು ಲೋಟ ಕುಡಿಸುತ್ತಿದ್ದದ್ದನ್ನು ಒಂದಕ್ಕೆ ಇಳಿಸಿ, ಅದರಿಂದ ಜ್ಯೇಷ್ಠಮಧು ತೆಗೆಸಿದೆವು. ಅದು ಹೆಚ್ಚಾದರೆ ಬಿಪಿ ಏರುತ್ತದೆ.

ಹೆರಿಗೆಗೆ ತವರಿಗೆ ಹೋಗಲು ರೈಲಿನ ಟಿಕೆಟ್ ಆಗಿತ್ತು. ರದ್ದು ಮಾಡಿಸಿದೆವು. ಸೋಂಕು ಹೊತ್ತು, 37 ವಾರದಲ್ಲಿ, ಸೊಲ್ಲಾಪುರ ದಾಟಿ ಹೋಗುವ ಹಾದಿಯಲ್ಲಿ ನೋವು ಶುರುವಾದರೆ ಇಳಿಯುವುದೆಲ್ಲಿ? ತವರಿನವರಿಗೆ ಬೇಸರವಾಯಿತು, ಆಗಲಿ.

ಆಕೆಯ ಜೊತೆ ಬೇರೆಯಾಗಿ ಮಾತಾಡಿದಾಗ ಬಂದದ್ದು ಇನ್ನೊಂದೇ ವಿಷಯ. "ಕುಬಸಕ್ಕ ಅಷ್ಟು ಮಂದಿ ಕರೀಬಾರದಿತ್ರಿ, ನಂದ ತಪ್ಪು" ಎಂದು ಅಳು. ಅತ್ತೆಯದು ಮಗನ ಕಾರ್ಖಾನೆಯ ಮೇಲೆ ಸಂಶಯ, ಗಂಡನದು ಕುಬಸದ ಮೇಲೆ. ಸೋಂಕು ತಗುಲಿ ಲಕ್ಷಣ ಕಾಣಲು ಎರಡು ದಿನವೂ ಆಗಬಹುದು, ಎರಡು ವಾರವೂ ಆಗಬಹುದು. ಯಾರಿಂದ ಬಂತೆಂದು ಮನೆಯಲ್ಲಿ ಕೂತು ಪತ್ತೆ ಮಾಡಲಾಗದು, ಮಾಡಿದರೂ ಚಿಕಿತ್ಸೆ ಬದಲಾಗದು. ಆ ಮಾತನ್ನು ಆಕೆಯ ಮುಂದೆ ಎತ್ತಬೇಡಿ ಎಂದು ಗಂಡನಿಗೆ ನೇರವಾಗಿ ಹೇಳಿದೆವು. ಹೆರಿಗೆಯ ನಂತರವೂ ಎರಡು ವಾರ ಮೀರಿ ಅಳು, ನಿದ್ರೆಗೇಡು, ಮಗುವಿನ ಮೇಲೆ ಮನಸ್ಸಿಲ್ಲದಿರುವುದು ಕಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕೆಂದೂ ತಿಳಿಸಿದೆವು. ಕನ್ನಡದಲ್ಲೇ ಮಾತಾಡಬಹುದು.

ಐದನೇ ದಿನ ನೋವು ಬಂದು ಸಹಜ ಹೆರಿಗೆ. ಹೆಣ್ಣುಮಗು, 2.7 ಕೆಜಿ. ಎರಡು ಗಂಟೆಯೊಳಗೆ ಮಗುವಿನ ಮೂಗಿನ ಸ್ವಾಬ್ ತೆಗೆದರು. ಪಾಸಿಟಿವ್! ಅತ್ತೆ ಹಾಲಿನ ಪುಡಿಯ ಡಬ್ಬಿ ತರಿಸಿ, ಮಗುವನ್ನು ತನ್ನ ಮಗ್ಗುಲಿಗೆ ಮಲಗಿಸಿಕೊಳ್ಳುವುದೆಂದು ತೀರ್ಮಾನಿಸಿಬಿಟ್ಟಿದ್ದರು.

ಹುಟ್ಟಿದ ಕೂಡಲೇ ತೆಗೆದ ಸ್ವಾಬಿನ ಅರ್ಥ ಬೇರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಉಸಿರಿನಿಂದಲೋ ದ್ರವದಿಂದಲೋ ಮಗುವಿನ ಮೂಗಿಗೆ ವೈರಸ್ಸಿನ ತುಣುಕು ಮೆತ್ತಿಕೊಂಡಿದ್ದರೂ ಪರೀಕ್ಷೆ ಅದನ್ನು ಹಿಡಿಯುತ್ತದೆ. ಮೆತ್ತಿಕೊಂಡದ್ದು ಬೇರೆ, ಒಳಗೆ ಬೆಳೆಯುತ್ತಿರುವುದು ಬೇರೆ. ಗರ್ಭದಲ್ಲೇ ಸೋಂಕಾಗಿದೆ ಎನ್ನಲು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಾನದಂಡ ಬಿಗಿಯಾದದ್ದು: ಬಸಿರಿನಲ್ಲಿ ತಾಯಿಗೆ ಸೋಂಕಾಗಿರಬೇಕು, ಗರ್ಭದಲ್ಲೇ ಮಗುವಿಗೆ ವೈರಸ್ ತಾಗಿದ್ದಕ್ಕೆ ಹುಟ್ಟಿದ 24 ಗಂಟೆಯೊಳಗಿನ ಮಾದರಿಯಲ್ಲಿ ಪುರಾವೆ ಸಿಗಬೇಕು, ಆಮೇಲೂ ಅದು ಮಗುವಿನಲ್ಲಿ ಉಳಿದಿರಬೇಕು. ರಕ್ತದಲ್ಲಿ ಐಜಿಜಿ ಪ್ರತಿಕಾಯ ಸಿಕ್ಕರೆ ಅದೂ ಪುರಾವೆಯಲ್ಲ. ಮಾಸು ದಾಟಿ ಬಂದ ತಾಯಿಯ ರಕ್ಷಣೆ ಅದು. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಮಾಸು ದಾಟುವುದಿಲ್ಲ, ಆದ್ದರಿಂದ ಅದು ಸಿಕ್ಕರೆ ಮಾತ್ರ ಯೋಚಿಸಬೇಕಾದ್ದು. ಮಕ್ಕಳ ವೈದ್ಯರನ್ನು ಕೇಳಿ 48 ಗಂಟೆಗೆ ಮತ್ತೆ ಸ್ವಾಬ್ ಮಾಡಿಸಲು ಹೇಳಿದೆವು. ನೆಗೆಟಿವ್ ಬಂತು. ಮಗುವಿಗೆ ಜ್ವರವಿಲ್ಲ, ಉಸಿರು ಸರಿ, ಹಾಲು ಚೀಪುತ್ತಿತ್ತು.

ನಡುವಿನ ಆ ಎರಡು ದಿನ ಎದೆಹಾಲು ನಿಲ್ಲಿಸದಂತೆ ನೋಡಿಕೊಂಡದ್ದೇ ದೊಡ್ಡ ಕೆಲಸ. ಹಾಲಿನಿಂದ ಕೋವಿಡ್ ಹರಡಿದ್ದಕ್ಕೆ ಆಧಾರವಿಲ್ಲ. ಹರಡುವುದು ಕೆಮ್ಮಿನ ಹನಿ. ತಾಯಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ, ಸೋಪಿನಿಂದ ಮೊಣಕೈವರೆಗೆ ಕೈ ತೊಳೆದು, ದಿನಕ್ಕೆ 8ರಿಂದ 12 ಸಲ ಕುಡಿಸುವುದು. ಎದೆಗೆ ಸ್ಯಾನಿಟೈಸರ್ ಬೇಡ. ಬರಿ ಎದೆಯ ಮೇಲೆ ಕೆಮ್ಮಿದ್ದರಷ್ಟೇ ಸೋಪು ನೀರಿನಿಂದ ತೊಳೆದರೆ ಸಾಕು. ಮೊದಲ ದಿನ ಬರುವ ಗಿಣ್ಣುಹಾಲು ಒಂದು ಸಲಕ್ಕೆ ಒಂದು ಚಮಚದಷ್ಟೇ. "ಹಾಲs ಬಂದಿಲ್ಲ" ಎಂದು ಡಬ್ಬಿ ಒಡೆಯುವುದು ಈ ಹಂತದಲ್ಲೇ. ತಾಯಿ ತೀರಾ ಸುಸ್ತಾದರೆ ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ, ನಾಲ್ಕು ಗಂಟೆಯೊಳಗೆ ಚಮಚದಲ್ಲಿ ಕುಡಿಸಬೇಕು. ಸೆಕೆ ಇದ್ದರೆ ಇನ್ನೂ ಬೇಗ. ಮಗುವಿನ ಮುಖಕ್ಕೆ ಮಾಸ್ಕ್, ಶೀಲ್ಡ್ ಯಾವುದೂ ಕೂಡದು, ಉಸಿರು ಕಟ್ಟುತ್ತದೆ.

ಅಜ್ಜಿಯ ಮಗ್ಗುಲಲ್ಲಿ ಮಲಗಿಸುವ ಯೋಜನೆ ಎರಡು ಕಡೆಯಿಂದಲೂ ತಪ್ಪು. ಅವರಿಗೆ 61 ವರ್ಷ, ಸಕ್ಕರೆ ಕಾಯಿಲೆ ಬೇರೆ. ಮಗುವಿಗೇನಾದರೂ ಸೋಂಕಿದ್ದಿದ್ದರೆ ಆ ಮನೆಯಲ್ಲಿ ಎಲ್ಲರಿಗಿಂತ ಕಷ್ಟಕ್ಕೆ ಸಿಲುಕುತ್ತಿದ್ದವರು ಅವರೇ. ಬಾಣಂತನಕ್ಕೆ ಆರೋಗ್ಯವಾಗಿದ್ದ ನಾದಿನಿ ಮಾಸ್ಕ್ ಹಾಕಿ ನಿಂತರು. ತೊಟ್ಟಿಲು ತಾಯಿಯ ಹಾಸಿಗೆಯಿಂದ ಆರು ಅಡಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಶೆಗಡಿ ಇಟ್ಟು ಲೋಬಾನ ಹಾಕುವ ರೂಢಿಗೆ ಮಾತ್ರ ನಾವು ಒಂಚೂರೂ ಬಗ್ಗಲಿಲ್ಲ. ಗಾಳಿಯಾಡದ ಕೋಣೆಯಲ್ಲಿ ವೈರಸ್ ನಿಲ್ಲುತ್ತದೆ, ಕೆಂಡದ ವಿಷಾನಿಲ ತಾಯಿ-ಮಗು ಇಬ್ಬರಿಗೂ ಅಪಾಯ. ಕಿಟಕಿ ತೆರೆಸಿ, ಬೆಚ್ಚಗಿರಲು ಮಗುವಿಗೆ ಟೊಪ್ಪಿಗೆ ಕಟ್ಟಿ ದುಪ್ಪಟಿ ಹೊದಿಸಿ ಎಂದೆವು. ಮಾಸ್ಕ್ ನಿಯಮ ಲಕ್ಷಣ ಶುರುವಾದಂದಿನಿಂದ ಹತ್ತು ದಿನ, ಜೊತೆಗೆ ಗುಳಿಗೆಯಿಲ್ಲದೆ 24 ಗಂಟೆ ಜ್ವರ ಬಾರದಿರಬೇಕು.

ಡಿಸ್ಚಾರ್ಜಿಗೆ ಮುನ್ನ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಆದವು. ಮಗು ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಎದೆಗೂಡು ಒಳಗೆಳೆದರೆ ಅದೇ ದಿನ ಆಸ್ಪತ್ರೆ. ತವರಿಗೆ ಹೋಗುವುದು ಆರನೇ ವಾರದ ಲಸಿಕೆ ಮುಗಿಸಿಕೊಂಡು ಎಂದು ನಿಶ್ಚಯವಾಯಿತು. ಎರಡೂ ಸ್ವಾಬ್ ವರದಿ, ಡಿಸ್ಚಾರ್ಜ್ ಕಾಗದ, ಇಲ್ಲಿನ ತಾಯಿ-ಮಗು ಕಾರ್ಡ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ಯಲು ಹೇಳಿದ್ದೇವೆ. ಮುಂದಿನ ಡೋಸ್‌ಗಳನ್ನು ವಿಜಯಪುರದ ಆರೋಗ್ಯ ಕೇಂದ್ರದಲ್ಲಿ ಆ ಕಾರ್ಡ್ ತೋರಿಸಿ ಹಾಕಿಸಬಹುದು.