ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಗರ್ಭಕೋಶದ ಕ್ಯಾನ್ಸರ್ ಗೊತ್ತಾಗುತ್ತದೆಯೇ?

ಬದಿಯಡ್ಕದಲ್ಲಿರುವ ಅಮ್ಮನಿಗೆ 58 ವರ್ಷ, ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಈಗ ಬಿಳಿಸೆರಗು ಶುರುವಾಗಿದೆ, ರಕ್ತ ಪರೀಕ್ಷೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗುವುದಿಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಖಚಿತವಾಗಿ ಹೇಳುವ ಮಾಮೂಲಿ ರಕ್ತ ಪರೀಕ್ಷೆ ಇಲ್ಲ. ಸಿಎ-125 ಅನ್ನೋ ಕ್ಯಾನ್ಸರ್ ಸೂಚಕದ ರಕ್ತ ಪರೀಕ್ಷೆ ಕೂಡ ಆರಂಭದ ಹಂತದಲ್ಲಿ ಎಷ್ಟೋ ಸಲ ನಾರ್ಮಲ್ಲೇ ಇರುತ್ತದೆ. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಆದರೆ ಅಗ್ಗದ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಶುಗರ್ ರಿಪೋರ್ಟ್ ಸುಳಿವು ಕೊಡಬಲ್ಲವು. ವೈದ್ಯರಿಗೆ ಚಿಕಿತ್ಸೆಯ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ನೋಡಿ: 55 ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರಿಗೆ ಕಾರಣವಿಲ್ಲದೆ ಬಿಳಿಸೆರಗು ಇದ್ದು, ಅದು ಮೊದಲ ಸಲವಾದರೆ ಅಥವಾ ಪ್ಲೇಟ್‌ಲೆಟ್ ಜಾಸ್ತಿ ಇದ್ದರೆ ಸ್ಕ್ಯಾನಿಂಗ್ ಯೋಚಿಸಬೇಕು. ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಇದ್ದು, ಹಿಮೋಗ್ಲೋಬಿನ್ ಕಡಿಮೆ ಅಥವಾ ಶುಗರ್ ಜಾಸ್ತಿ ಇದ್ದರೂ ಅಷ್ಟೇ. ನಮ್ಮ ಕಾಸರಗೋಡಿನ ಕಡೆ ಪ್ಲೇಟ್‌ಲೆಟ್ ಅಂದ್ರೆ ಡೆಂಗಿ ಜ್ವರಕ್ಕೆ ಇಳಿಯಿತಾ ಅಂತ ಮಾತ್ರ ನೋಡೋದು ಅಲ್ವಾ! ಏರಿದ್ದನ್ನು ಯಾರೂ ಕೇಳುವುದಿಲ್ಲ. ಹಾಗಂತ ಏರಿದ ಕೂಡಲೇ ಹೆದರಬೇಡಿ, ಕಬ್ಬಿಣಾಂಶದ ಕೊರತೆಗೂ ಸೋಂಕಿಗೂ ಅದು ಏರುತ್ತದೆ.

ನಿಮ್ಮ ಅಮ್ಮನಿಗೆ ಇದು ಮೊದಲ ಸಲವಾದರೆ ರಿಪೋರ್ಟಿಗೆ ಕಾಯದೆ ಹೆಂಗಸರ ಡಾಕ್ಟರಿಗೆ ತೋರಿಸಿ, ಕಾಸರಗೋಡಾದರೂ ಸರಿ ಮಂಗಳೂರಾದರೂ ಸರಿ. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರಂತೂ ತಡ ಮಾಡಲೇಬೇಡಿ. ಸ್ಕ್ಯಾನಿಂಗಿನಲ್ಲಿ ಒಳಪದರ ಸುಮಾರು 4 ಮಿ.ಮೀ.ಗಿಂತ ದಪ್ಪ ಕಂಡರೆ ಸಾಮಾನ್ಯವಾಗಿ ಬಯಾಪ್ಸಿ (ಒಳಪದರದ ಚೂರು ತೆಗೆದು ಪರೀಕ್ಷೆ) ಮಾಡುತ್ತಾರೆ. ಖಚಿತವಾಗುವುದು ಅಲ್ಲೇ.