ನೀಟ್‌ನಲ್ಲಿ ಗೆದ್ದವಳು ಇಂಟರ್ನಲ್ಸ್‌ನಲ್ಲಿ ಫೇಲಾದರೆ?

ಪ್ರಶ್ನೆ: ಸರ್, ನಾನು ಎಂಬಿಬಿಎಸ್ ಮೊದಲ ವರ್ಷ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ನೀಟ್‌ನಲ್ಲಿ ಒಳ್ಳೆ ಅಂಕ ಬಂದು ಸರ್ಕಾರಿ ಸೀಟು ಸಿಕ್ಕಿತು. ಈಗ ಮೊದಲ ಇಂಟರ್ನಲ್ಸ್‌ನಲ್ಲೇ ಅನಾಟಮಿ, ಫಿಸಿಯಾಲಜಿ ಎರಡೂ ಫೇಲು. ರಾತ್ರಿ ಒಂದು ಗಂಟೆವರೆಗೆ ಓದುತ್ತೇನೆ, ಆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಬಾಯೇ ಬಿಡಲಾಗುವುದಿಲ್ಲ. ಓದುವ ಹುಮ್ಮಸ್ಸೇ ಹೋಗಿದೆ. ಊರಲ್ಲಿ ಆಗಲೇ ‘ಡಾಕ್ಟರಮ್ಮ’ ಅಂತ ಕರೆಯುತ್ತಾರೆ, ಅದನ್ನು ಕೇಳಿದರೆ ಇನ್ನೂ ಭಯ. ಬಿಟ್ಟು ಬಂದುಬಿಡಲಾ?
– ಹೆಸರು ಬೇಡ, ರಾಯಚೂರು ಜಿಲ್ಲೆ

ಉತ್ತರ: ಬಿಟ್ಟು ಬರುವ ಮಾತು ಸ್ವಲ್ಪ ಪಕ್ಕಕ್ಕಿಡಮ್ಮ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕಣ್ಣ ಮುಂದೆಯೇ ಇರುತ್ತವೆ, ಸರಿಯಾದದ್ದನ್ನು ಗುರುತು ಹಿಡಿದರೆ ಆಯಿತು. ಇಲ್ಲಿ ಖಾಲಿ ಹಾಳೆ ಕೊಡುತ್ತಾರೆ. ಇಲ್ಲವೇ ಎದುರಿಗೆ ಕೂತು, ಕೈಗೊಂದು ಮೂಳೆ ಕೊಟ್ಟು, ‘ಹೇಳಮ್ಮ’ ಅನ್ನುತ್ತಾರೆ. ಎರಡು ವರ್ಷ ಗುರುತು ಹಿಡಿಯುವುದರಲ್ಲೇ ಪಳಗಿದ್ದೀಯ, ಈಗ ಏನೂ ನೋಡದೆ ಹೇಳು ಅಂದರೆ ತಡವರಿಸುವುದು ಸಹಜ ಅಲ್ವಾ? ನಿನ್ನ ಬುದ್ಧಿ ಕಡಿಮೆಯಾಗಿಲ್ಲ. ಪರೀಕ್ಷೆಯ ಜಾತಿ ಬದಲಾಗಿದೆ, ನಿನ್ನ ಓದು ಬದಲಾಗಿಲ್ಲ.

ಒಂದು ಗಂಟೆವರೆಗೆ ಓದುತ್ತೇನೆ ಅಂದೆಯಲ್ಲ, ಏನು ಮಾಡುತ್ತೀಯ ಆ ಹೊತ್ತಿನಲ್ಲಿ? ಬಹುಶಃ ಅದೇ ಪುಟವನ್ನು ಮತ್ತೆ ಮತ್ತೆ ಓದಿ ಹೈಲೈಟರ್ ಎಳೆಯುತ್ತಿರುತ್ತೀಯ. 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿದ ಮೇಲೆ ಹಾಳೆ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಬಿಟ್ಟು ಕೇಳಿದಾಗ ಪೂರ್ತಿ ಉಲ್ಟಾ, ಮುಚ್ಚಿ ಬರೆದವರು ಮುಂದೆ ಹೋದರು. ಮಜಾ ಏನೆಂದರೆ, ‘ನನಗೆ ಚೆನ್ನಾಗಿ ನೆನಪಿರುತ್ತೆ’ ಅಂತ ಜಾಸ್ತಿ ನಂಬಿದ್ದವರು ಬರೀ ಓದಿದವರೇ.

ಹಾಗಾಗಿ ಇವತ್ತೇ ಬ್ರೇಕಿಯಲ್ ಪ್ಲೆಕ್ಸಸ್, ಅಂದರೆ ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಜಾಲ, ತಗೋ. ಒಂದು ಸಲ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ಬರೆ: ಐದು ರೂಟ್, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್, ಐದು ಕೊನೆಯ ಕವಲು. ಅರ್ಧದಲ್ಲೇ ನಿಂತುಹೋಗುತ್ತೆ, ಸಿಟ್ಟು ಬರುತ್ತೆ. ಬರಲಿ. ಎಲ್ಲಿ ನಿಂತಿತೋ ಅಷ್ಟನ್ನೇ ಮತ್ತೆ ನೋಡಿ ನಾಳೆ ಪುನಃ ಬರೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಬರೆ. ಆಮೇಲೆ ರೂಂಮೇಟ್‌ನ ಕೂರಿಸಿಕೊಂಡು ಬಾಯಲ್ಲಿ ಹೇಳು. ವೈವಾದಲ್ಲಿ ಬಾಯಿ ಬರಬೇಕಾದರೆ ಅದಕ್ಕೂ ಮೊದಲು ಎಲ್ಲಾದರೂ ಬಾಯಿ ಬಿಟ್ಟಿರಬೇಕು ತಾನೆ.

ಇಂಗ್ಲಿಷಿನ ವಿಷಯ ನೀನು ಬರೆದಿಲ್ಲ, ಆದರೂ ಅದೇ ಒಳಗೊಳಗೆ ಕೊರೆಯುತ್ತಿದೆ ಅನ್ನಿಸಿತು. ಅನಾಟಮಿಯ ಲ್ಯಾಟಿನ್, ಗ್ರೀಕ್ ಹೆಸರುಗಳು ಬೆಂಗಳೂರಿನ ಕಾನ್ವೆಂಟ್‌ನಿಂದ ಬಂದವಳಿಗೂ ಹೊಸವೇ. ಅಲ್ಲಿ ನೀವಿಬ್ಬರೂ ಒಂದೇ ಗೆರೆಯಲ್ಲಿ ನಿಂತಿದ್ದೀರಿ. ನಿನಗೆ ತೊಡಕಾಗುವುದು ಅವುಗಳ ನಡುವೆ ಬರುವ ಸಾದಾ ವಾಕ್ಯ: ಈ ನರ ಎಲ್ಲಿ ಹುಟ್ಟುತ್ತದೆ, ಯಾವುದರ ಹಿಂದೆ ಹಾಯುತ್ತದೆ, ಎಲ್ಲಿ ಕವಲೊಡೆಯುತ್ತದೆ. ಇಂಥ ವಾಕ್ಯಗಳು ಪುಸ್ತಕದಲ್ಲಿ ತಿರುಗಿ ತಿರುಗಿ ಬರುತ್ತವೆ. ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಬಾಯಿಪಾಠ ಮಾಡಿದರೆ ಅರ್ಧ ಉತ್ತರ ಅಲ್ಲೇ ಸಿದ್ಧ. ವಿಷಯವನ್ನು ಮೊದಲು ಕನ್ನಡದಲ್ಲೇ ಅರ್ಥ ಮಾಡಿಕೋ, ನಾಚಿಕೆ ಯಾಕೆ? ಮುಂದೆ ವಾರ್ಡಿಗೆ ಹೋದಾಗ ‘ಹೊಟ್ಟಿ ಕಡಿತೈತ್ರಿ’ ಅಂತ ಅಜ್ಜಿ ಹೇಳಿದರೆ, ಬೇರೆ ರಾಜ್ಯದಿಂದ ಬಂದ ನಿನ್ನ ಕ್ಲಾಸ್‌ಮೇಟ್‌ಗಳು ನಿನ್ನ ಮುಖ ನೋಡುತ್ತಾರೆ.

ಇಂಟರ್ನಲ್ಸ್ ಹೋದರೆ ವರ್ಷ ಹೋದಂತಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಒಂದು ವಿಷಯ ಹೋದರೂ ಸಪ್ಲಿಮೆಂಟರಿ ಇದೆ, ಅದರಲ್ಲಿ ಪಾಸಾದರೆ ನಿನ್ನ ಬ್ಯಾಚಿನ ಜೊತೆಯಲ್ಲೇ ಮುಂದುವರಿಯುತ್ತೀಯ. ಮೊದಲ ವರ್ಷ ಪಾಸಾಗಲು ಒಟ್ಟು ನಾಲ್ಕು ಅವಕಾಶ. ಹಾಜರಾತಿ ಮಾತ್ರ ಬಿಡಬೇಡ: ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಬೇಕೇ ಬೇಕು. ರಾತ್ರಿಯೆಲ್ಲ ಓದಿ ಬೆಳಗ್ಗೆ ಡಿಸೆಕ್ಷನ್ ಹಾಲ್‌ಗೆ ಚಕ್ಕರ್ ಹೊಡೆಯುವುದು ಶುದ್ಧ ದಡ್ಡತನ.

ಹುಮ್ಮಸ್ಸು ಬರಲಿ, ಆಮೇಲೆ ಓದುತ್ತೇನೆ ಅಂತ ಕಾಯಬೇಡ. ಸ್ಫೂರ್ತಿಯ ವಿಡಿಯೋ ನೋಡಿ ಬಂದದ್ದು ಊಟದ ಹೊತ್ತಿಗೆ ಇಳಿದಿರುತ್ತೆ. ನಿನ್ನೆ ಬರದ ಚಿತ್ರ ಇವತ್ತು ನೋಡದೆ ಬಂತಲ್ಲ, ಆಗ ಬರುವ ಖುಷಿ ಸ್ವಲ್ಪ ದಿನ ಉಳಿಯುತ್ತೆ. ಆದರೆ ವಾರಗಟ್ಟಲೆ ನಿದ್ದೆ, ಊಟ ಎರಡೂ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಓದಿನ ಸಮಸ್ಯೆಯಲ್ಲ. ತಡ ಮಾಡದೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

‘ಡಾಕ್ಟರಮ್ಮ’ ಅನ್ನುವವರು ಅನ್ನಲಿ ಬಿಡು. ಅವ್ವ ಅಪ್ಪನಿಗೆ ಮಾತ್ರ ಫೇಲಾದದ್ದನ್ನು ನೀನೇ ಹೇಳು, ಬೇರೆಯವರ ಬಾಯಿಂದ ಅವರು ಕೇಳುವುದು ಬೇಡ. ಸೋಮವಾರ ನಿನ್ನ ಉತ್ತರ ಪತ್ರಿಕೆ ಹಿಡಿದು ಅನಾಟಮಿ ಮೇಡಂ ಹತ್ತಿರ ಹೋಗು. ಎಲ್ಲೆಲ್ಲಿ ಅಂಕ ಹೋಯಿತು ಅಂತ ಕೇಳು.