ಬಳ್ಳಾರಿ ಗುಡ್ಡ: ಹೂವು ಎಲ್ಲಿ, ನೋಟ ಯಾವಾಗ?

ಚಳಿ ಕಡಿಮೆಯಾಗುತ್ತಿದ್ದಂತೆ ನಮ್ಮ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಳ್ಳಾರಿ ಕೋಟೆ ಗುಡ್ಡದ ಪ್ರಶ್ನೆಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಶಿವರಾತ್ರಿ ಕಳೆದ ಮೇಲೆ ಬಳ್ಳಾರಿ ಗುಡ್ಡ ಹತ್ತಬೇಕೆಂದು ಮನೆಮಂದಿಯೆಲ್ಲ ಲೆಕ್ಕ ಹಾಕಿದ್ದೇವೆ. ಹೂವೂ ಕಾಣಬೇಕು, ಮೇಲಿಂದ ಊರೂ ಚೆನ್ನಾಗಿ ಕಾಣಬೇಕು. ಯಾವ ವಾರ ಒಳ್ಳೆಯದು? – ಓದುಗರು, ಕುರುಗೋಡು

ಎರಡೂ ಒಂದೇ ದಿನ ಪೂರ್ತಿಯಾಗಿ ಸಿಗುವುದು ಕಷ್ಟ. ದೂರದ ನೋಟ ತಿಳಿಯಾಗಿರುವುದು ಮಳೆಗಾಲದ ಕೊನೆಗೆ, ಸೆಪ್ಟೆಂಬರಿನಿಂದ ನವೆಂಬರ್ ತನಕ. ಮರಗಳು ಹೂವಾಗುವುದು ಫೆಬ್ರವರಿ ಕೊನೆಯಿಂದ ಮೇ ತನಕ. ಆಗ ಸುತ್ತಲಿನ ಎರೆಹೊಲಗಳು ಬರಿದಾಗಿರುತ್ತವೆ, ಬಿಸಿಲಿಗೆ ನೆಲ ಕಾದು ಗಾಳಿ ಎದ್ದಿತೆಂದರೆ ಧೂಳು ಮೇಲಕ್ಕೇರಿ ಅಲ್ಲೇ ನಿಲ್ಲುತ್ತದೆ. ಮಧ್ಯಾಹ್ನ ಗುಡ್ಡದ ಮೇಲೆ ನಿಂತವರಿಗೆ ಊರಿನಾಚೆ ಬೂದುಬಣ್ಣ ಬಿಟ್ಟರೆ ಏನೂ ಕಾಣುವುದಿಲ್ಲ.

ಆದರೂ ಎರಡು ಸಂದಿಗಳಿವೆ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ತನಕದ ಬೆಳಗುಗಳು ಒಂದು. ಅಶ್ವಿನಿ ಅಥವಾ ಭರಣಿ ಮಳೆ ಬಿದ್ದ ಮರುದಿನದ ಬೆಳಗು ಇನ್ನೊಂದು. ಅಂದರೆ ಏಪ್ರಿಲ್ ನಡುವಿನಿಂದ ಮೇ ಎರಡನೇ ವಾರದ ತನಕ. ನಮ್ಮ ಮತ ಎರಡನೆಯದಕ್ಕೆ. ಒಂದು ತಾಸು ಜೋರಾಗಿ ಸುರಿದರೆ ಸಾಕು, ಗಾಳಿಯ ಧೂಳೆಲ್ಲ ಇಳಿದು ಮರುದಿನ ಸಂಡೂರಿನ ಬೆಟ್ಟಸಾಲಿನ ಅಂಚು ಗೆರೆ ಕೊರೆದ ಹಾಗೆ ಎದ್ದು ಕಾಣುತ್ತದೆ. ದಿನಾಂಕ ಮೊದಲೇ ಗೊತ್ತುಮಾಡಿಕೊಂಡು ಬರುವವರಿಗೆ ಮಾತ್ರ ಇದು ಹೊಂದುವುದಿಲ್ಲ.

ವೇಳೆಯ ಬಗ್ಗೆ ಇನ್ನೊಂದು ಮಾತು. ಸೂರ್ಯ ಹುಟ್ಟುವುದು ಇಲ್ಲಿ ಫೆಬ್ರವರಿ ಕೊನೆಗೆ ಸುಮಾರು 6:40ಕ್ಕೆ, ಮಾರ್ಚ್ ಕೊನೆಗೆ 6:20ಕ್ಕೆ, ಏಪ್ರಿಲ್ ಕೊನೆಗೆ 6ಕ್ಕೆ. ಹುಟ್ಟಿದ ಕೂಡಲೇ ನೋಟ ಚೆನ್ನಾಗಿರುತ್ತದೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ರಾತ್ರಿಯ ತಂಪಿಗೆ ಊರಿನ ಹೊಗೆ ನೆಲಕ್ಕಂಟಿಕೊಂಡೇ ಇರುತ್ತದೆ; ನೆಲ ಸ್ವಲ್ಪ ಕಾದ ಮೇಲೆ ಚದುರುತ್ತದೆ. 7ರಿಂದ 8:30ರ ನಡುವೆ ಮೇಲಿರುವಂತೆ ಹೊರಡಿ. ಕೋಟೆ ಸಂರಕ್ಷಿತ ಸ್ಮಾರಕ. ಕತ್ತಲಲ್ಲಿ ಒಳಗೆ ಹೋಗುವ ಯೋಚನೆ ಬೇಡ, ಬಾಗಿಲು ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಸಂಜೆ ಹತ್ತಿದರೆ ಆಗುವುದಿಲ್ಲವೇ? ಬಿಸಿಲು ಇಳಿದಿರುತ್ತದಲ್ಲ. – ವಿದ್ಯಾರ್ಥಿ, ಸಿರುಗುಪ್ಪ

ಬಿಸಿಲು ಇಳಿದಿರುತ್ತದೆ, ಬಂಡೆ ಇಳಿದಿರುವುದಿಲ್ಲ. ಇಡೀ ಗುಡ್ಡ ಗ್ರಾನೈಟ್; ಹಗಲೆಲ್ಲ ಹೀರಿದ ಕಾವನ್ನು ಕತ್ತಲಾದ ಮೇಲೂ ಬಿಡುತ್ತಲೇ ಇರುತ್ತದೆ. ಬಳ್ಳಾರಿಯಲ್ಲಿ ಮಾರ್ಚಿಗೇ ಹಗಲು 36–38 ಡಿಗ್ರಿ ಆಗುತ್ತದೆ, ಏಪ್ರಿಲ್–ಮೇಯಲ್ಲಿ 40 ದಾಟುವುದುಂಟು. ಸಂಜೆ 5ಕ್ಕೆ ಹತ್ತುವವರಿಗೆ ಮೇಲಿನ ಬಿಸಿಲು, ಕಾಲಡಿಯ ಝಳ ಎರಡೂ ಸೇರಿ ಬೇಗ ಸುಸ್ತಾಗುತ್ತದೆ. ಜೊತೆಗೆ ಏಪ್ರಿಲ್–ಮೇಯ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಬಯಲಿನ ನಡುವೆ ಒಂಟಿಯಾಗಿ ನಿಂತ ಬೋಳು ಬಂಡೆಯ ನೆತ್ತಿ ಸಿಡಿಲಿಗೆ ಸಿಗುವ ಮೊದಲ ಜಾಗ. ಮಿಂಚು ಕಂಡ ಮೇಲೆ 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗಿದೆ ಎಂದರ್ಥ. ಗುಡುಗು ಕೇಳುವ ತನಕ ಕಾಯದೆ, ಮೋಡ ಕಪ್ಪಾಗುತ್ತಿದ್ದಂತೆಯೇ ಇಳಿಯಲು ಶುರುಮಾಡುವುದು ಸರಿ.

ಹೋದ ವರ್ಷ ಯುಗಾದಿ ಹೊತ್ತಿಗೆ ಹೋಗಿದ್ದೆವು. ತುದಿಯ ತನಕ ಹತ್ತಿದರೂ ಹೂವೇ ಕಾಣಲಿಲ್ಲ. ಎಲ್ಲಿ ನೋಡಬೇಕಿತ್ತು? – ಗೃಹಿಣಿ, ಕೌಲ್ ಬಜಾರ್, ಬಳ್ಳಾರಿ

ತುದಿಯಲ್ಲಿ ಮಣ್ಣೇ ಇಲ್ಲ, ಅಲ್ಲಿ ಹೂವು ಬಿಡುವುದಾದರೂ ಎಲ್ಲಿಂದ? ಹೂವಿರುವುದು ಕೆಳಗಿನ ಕೋಟೆಯ ಬಯಲಿನಲ್ಲಿ, ಗುಡ್ಡದ ಬುಡದಲ್ಲಿ, ದೇವಸ್ಥಾನಗಳ ಅಂಗಳದಲ್ಲಿ, ಊರಿನ ಸಾಲುಮರಗಳಲ್ಲಿ. ಆದ್ದರಿಂದ ಹತ್ತುವಾಗ ನೋಟ, ಇಳಿದ ಮೇಲೆ ಹೂವು ಎಂದು ಇಟ್ಟುಕೊಳ್ಳಿ.

ಯುಗಾದಿ ಹೊತ್ತಿಗೆ ಕಾಣಬೇಕಾದದ್ದು ಬೇವು ಮತ್ತು ಹೊಂಗೆ. ಬೇವಿನ ಹೂವು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ. ಬೆಳಗಿನ ತಂಪಿನಲ್ಲಿ ಮರದಡಿ ನಿಂತರೆ ಜೇನಿನ ಕಂಪು, ನೆಲದ ಮೇಲೆ ಬಿಳಿ ಚುಕ್ಕಿಗಳ ಹಾಸು. ಹೊಂಗೆಯದು ನಸುನೇರಳೆ ಬೆರೆತ ಬಿಳುಪು, ಹೊಸ ಹಸಿರೆಲೆಯ ನಡುವೆ ಗೊಂಚಲು. ದೇವಸ್ಥಾನಗಳ ಬಳಿ ದೇವಗಣಗಿಲೆ ಎಲೆಯಿಲ್ಲದೆ ಬರೀ ಹೂವಾಗಿರುತ್ತದೆ. ಬಂಡೆಯ ಸಂದುಗಳಲ್ಲಿ ಪಾಪಾಸುಕಳ್ಳಿಯ ಹಳದಿ ಹೂವು, ಎಕ್ಕ, ತಂಗಡಿ. ತಂಗಡಿಗೆ ಮಳೆ ಬಿದ್ದರೆ ಉತ್ಸಾಹ, ಒಣಗಿದ್ದರೆ ಅಲ್ಲೊಂದು ಇಲ್ಲೊಂದು. ಕಕ್ಕೆ ಮತ್ತು ಗುಲ್‌ಮೊಹರ್ ಅಷ್ಟು ಬೇಗ ಬರುವುದಿಲ್ಲ. ಏಪ್ರಿಲ್ ಕೊನೆ, ಮೇ ಬೇಕು.

ಹೆಚ್ಚಿನವರು ಹುಡುಕಿಕೊಂಡು ಬರುವುದು ಮುತ್ತುಗವನ್ನು. ಅದು ಬಂಡೆಗಿಂತ ಎರೆ ನೆಲವನ್ನು, ಕಾಡಿನಂಚನ್ನು ಇಷ್ಟಪಡುವ ಮರ. ಹೊಲದ ಬದುಗಳಲ್ಲಿ ನೋಡಿ, ಅಥವಾ ಒಂದು ದಿನ ಇಟ್ಟುಕೊಂಡು ಸಂಡೂರಿನ ಕಡೆ ಹೋಗಿ. ಫೆಬ್ರವರಿ–ಮಾರ್ಚ್ ಅದರ ಕಾಲ. ಬಂಡೆಗುಡ್ಡದಲ್ಲೇ ಬೆಳೆಯುವ ಹೂಮರ ಬೇಕೆಂದರೆ ಅರಿಶಿನ ಬೂರುಗವಿದೆ: ಎಲೆ ಪೂರ್ತಿ ಉದುರಿದ ಕೊಂಬೆಯ ತುದಿಯಲ್ಲಿ ಅಂಗೈಯಗಲದ ಹಳದಿ ಹೂವು. ಸಂಡೂರಿನ ಕಡೆಯ ಒಣ ಇಳಿಜಾರುಗಳಲ್ಲಿ ಕಣ್ಣಿಟ್ಟು ನೋಡಿ.

ರಸ್ತೆ ಬದಿ ಕೆಂಪು ಹೂವಿನ ಮರ ಕಂಡರೆ ಮುತ್ತುಗವೋ ಬೂರುಗವೋ ಹೇಗೆ ಗುರುತಿಸುವುದು? – ಓದುಗರು, ಕಂಪ್ಲಿ

ಕೆಳಗೆ ಬಿದ್ದ ಒಂದು ಹೂವನ್ನು ಎತ್ತಿಕೊಳ್ಳಿ. ಮುತ್ತುಗವಾದರೆ ತೊಟ್ಟು ಮತ್ತು ಪುಷ್ಪಪಾತ್ರೆ (ಎಸಳುಗಳ ಬುಡದ ಬಟ್ಟಲು) ಕಪ್ಪಗೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಅದರಿಂದ ಹೊರಬಂದ ಕಿತ್ತಳೆಗೆಂಪು ಎಸಳುಗಳಲ್ಲಿ ಒಂದು ಗಿಣಿಯ ಕೊಕ್ಕಿನಂತೆ ಬಾಗಿರುತ್ತದೆ, ಮೈಮೇಲೆ ಬೆಳ್ಳಿಯ ಹೊಳಪಿನ ನುಣ್ಣನೆಯ ರೋಮ. ಮೂಸಿದರೆ ವಾಸನೆಯೇ ಇಲ್ಲ. ಕರೆಯುವುದು ಬಣ್ಣದಿಂದ, ಉಣಿಸುವುದು ಮಕರಂದದಿಂದ. ಆದ್ದರಿಂದಲೇ ಗೊರವಂಕ, ಪಿಕಳಾರ, ಸೂರಕ್ಕಿಗಳು ಬೆಳಗಾಗುತ್ತಲೇ ಮುತ್ತಿಕೊಳ್ಳುತ್ತವೆ. ಎಲೆ ಉಳಿದಿದ್ದರೆ ಮೂರು ಮೂರಾಗಿರುತ್ತದೆ. ಬೂರುಗದ ಹೂವಿಗೆ ಐದು ದಪ್ಪ ಎಸಳು, ನಡುವೆ ಕೇಸರಗಳ ಕಟ್ಟು, ಎಲೆ ಬೆರಳು ಹರಡಿದ ಅಂಗೈಯಂತೆ, ಎಳೆ ಮರದ ಕಾಂಡದ ತುಂಬ ಮುಳ್ಳು. ಕಾಂಡಕ್ಕೆ ಮುಳ್ಳಿದ್ದೂ ಎಲೆ ಮೂರಾಗಿದ್ದರೆ ಅದು ಹಾಲುವಾಣ.

ತಾಯಿಗೆ 62 ವರ್ಷ, ಮಗಳಿಗೆ 8. ಇಬ್ಬರನ್ನೂ ಕರೆದುಕೊಂಡು ಹತ್ತಬಹುದೇ? ಏನೇನು ಬೇಕು? – ಓದುಗರು, ಸಿಂಧನೂರು

ತಾಯಿಯವರಿಗೆ ಮಂಡಿನೋವು, ಎದೆಯ ತೊಂದರೆ ಇಲ್ಲದಿದ್ದರೆ ಹತ್ತಬಹುದು. ಬಯಲಿನಿಂದ ತುದಿಗೆ ಸುಮಾರು 450 ಅಡಿ ಏರು. ಮೆಟ್ಟಿಲು, ಬಂಡೆಯ ಇಳಿಜಾರು, ದೊಡ್ಡ ಗುಂಡುಗಳ ನಡುವಿನ ಸುತ್ತುದಾರಿ ಎಲ್ಲವೂ ಬೆರೆತಿದೆ, ಮೇಲಿನ ಕೋಟೆಗೆ ಹೋಗುವ ದಾರಿ ಒಂದೇ. ಗಟ್ಟಿಮುಟ್ಟಾದವರಿಗೆ 30–40 ನಿಮಿಷ, ನಿಮ್ಮ ಜೊತೆಗಾರರಿಗೆ ಒಂದು ತಾಸು ಹಿಡಿಯಿರಿ. ಮೇಲೆ ಒಂದು ತಾಸು, ಇಳಿಯಲು ಮುಕ್ಕಾಲು ತಾಸು. 9:30ರೊಳಗೆ ಕೆಳಗಿರಬೇಕು.

ಜನ ಬೀಳುವುದು ಹೆಚ್ಚಾಗಿ ಇಳಿಯುವಾಗ. ಗ್ರಾನೈಟ್ ಬಿಸಿಲು–ಚಳಿಗೆ ಸಿಕ್ಕು ಮೇಲ್ಪದರ ಪುಡಿಯಾಗಿ ಗರಸಾಗುತ್ತದೆ. ಆ ಗರಸು ನುಣುಪು ಬಂಡೆಯ ಮೇಲೆ ಕುಳಿತರೆ ಕಾಲಡಿ ಗೋಲಿ ಹರಡಿದಂತೆಯೇ. ಸವೆದ ಹವಾಯಿ ಚಪ್ಪಲಿ, ತೊಗಲಿನ ಅಟ್ಟೆಯ ಮೆಟ್ಟು ಎರಡೂ ಜಾರುತ್ತವೆ. ಗೆರೆಗಳಿರುವ ರಬ್ಬರ್ ಅಟ್ಟೆಯ ಬೂಟು ಬೇಕು. ಅಟ್ಟೆ ದಪ್ಪಗಿರಲಿ, ಬುಡದ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ತೆಳು ಚಪ್ಪಲಿಯನ್ನು ತೂರಿ ಕಾಲಿಗಿಳಿಯುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಕಾಲಿಡುತ್ತ, ಮೊಣಕಾಲು ಸ್ವಲ್ಪ ಮಡಿಸಿಕೊಂಡು ಇಳಿಯಿರಿ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಬಂಡೆಯ ಕರಿಪಟ್ಟೆಗಳನ್ನು ತುಳಿಯಬೇಡಿ. ನೀರು ಹರಿದು ಪಾಚಿ ಕಟ್ಟಿದ ಜಾಗ ಅವು, ಒಣಗಿದಾಗ ಹಿಡಿತ ಕೊಡುತ್ತವೆ, ಒದ್ದೆಯಾದರೆ ಸೋಪಿನಷ್ಟು ಜಾರು.

ದೊಡ್ಡವರಿಗೆ ತಲಾ ಒಂದೂವರೆಯಿಂದ ಎರಡು ಲೀಟರ್ ನೀರು, ಮಗುವಿಗೆ ಒಂದು ಲೀಟರ್. ಬಾಯಾರಿದ ಮೇಲೆ ಒಮ್ಮೆಲೇ ಗಟಗಟ ಕುಡಿಯುವುದಕ್ಕಿಂತ ಕಾಲು ತಾಸಿಗೊಮ್ಮೆ ನಾಲ್ಕು ಗುಟುಕು ಒಳ್ಳೆಯದು. ಒಂದು ಬಾಟಲಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಇಲ್ಲವೇ ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಒಗ್ಗರಣೆ ಮಂಡಕ್ಕಿ–ಮಿರ್ಚಿಯನ್ನು ಇಳಿದ ಮೇಲೆ ತಿನ್ನಿ; ಮೊದಲೇ ತಿಂದರೆ ಅರ್ಧ ದಾರಿಗೆ ನೀರೆಲ್ಲ ಖಾಲಿ. ಮೇಲಿನ ಕಲ್ಲುದೊಣೆಗಳು, ಅಂದರೆ ಬಂಡೆಯ ನಡುವಿನ ನೀರಿನ ಹೊಂಡಗಳು, ಆಳವಾಗಿವೆ, ಅಂಚು ಜಾರುತ್ತದೆ. ಮಗಳ ಕೈ ಬಿಡಬೇಡಿ, ಆ ನೀರು ಕುಡಿಯಬೇಡಿ. ಬೆವರು ನಿಂತು ಮೈ ಬಿಸಿಯಾಗಿ ಮಾತು ತೊದಲಿದರೆ ಅದು ಬರೀ ಆಯಾಸವಲ್ಲ, ಬಿಸಿಲಿನ ಹೊಡೆತ. ನೆರಳಿಗೆ ತಂದು ಕುತ್ತಿಗೆ, ಕಂಕುಳು ಒದ್ದೆ ಮಾಡಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಮೇಲಿಂದ ಯಾವ ದಿಕ್ಕಿಗೆ ಏನೇನು ಕಾಣುತ್ತದೆ? ಫೋಟೋ ಯಾವ ಕಡೆ ಚೆನ್ನ? – ಓದುಗರು, ಹೊಸಪೇಟೆ

ಆ ಎತ್ತರಕ್ಕೆ ದಿಗಂತ ಲೆಕ್ಕದಲ್ಲಿ ಸುಮಾರು 40 ಕಿ.ಮೀ. ದೂರವಿದೆ, ಕಾಣುವುದೆಷ್ಟೆಂಬುದು ಗಾಳಿಯನ್ನು ಅವಲಂಬಿಸಿದೆ. ಪಶ್ಚಿಮಕ್ಕೆ ಮೊದಲು ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು, ಅವುಗಳಾಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ, ಹಿನ್ನೆಲೆಗೆ ಸಂಡೂರಿನ ಸಾಲು. ಈಶಾನ್ಯಕ್ಕೆ ಸಂಗನಕಲ್ಲು–ಕಪ್ಪಗಲ್ಲಿನ ಗುಡ್ಡಗಳು. ಅಲ್ಲಿನ ಹಿರೇಗುಡ್ಡದ ಕರಿಕಲ್ಲಿನ ಸಾಲಿನಲ್ಲಿ ನವಶಿಲಾಯುಗದವರು ಕೊಡಲಿ ಕಡೆಯುತ್ತಿದ್ದರು. ಹತ್ತಿರದಲ್ಲೇ ಕುಂಬಾರ ಗುಡ್ಡ, ಅಂಗಾತ ಮಲಗಿದ ಮುಖದಂತೆ ಕಾಣುವ ಕೋನ ಹುಡುಕಿ. ಕಾಲಬುಡದಲ್ಲಿ ಹೈದರಾಲಿ ಕಾಲದ ಕೆಳಗಿನ ಕೋಟೆಯ ಗೋಡೆ ಪೂರ್ವದ ಬದಿಯನ್ನು ಬಳಸಿ ಹೋಗುವುದನ್ನು ನಿಧಾನವಾಗಿ ನೋಡಿ. ನೀವು ನಿಂತ ಮೇಲಿನ ಕೋಟೆ ಅದಕ್ಕೂ ಹಿಂದಿನದು, ವಿಜಯನಗರದ ಅಧೀನದಲ್ಲಿದ್ದ ಹನುಮಪ್ಪ ನಾಯಕ ಕಟ್ಟಿಸಿದ್ದು.

ಬೆಳಿಗ್ಗೆ ಸೂರ್ಯ ಬೆನ್ನಿಗಿರುವುದರಿಂದ ಪಶ್ಚಿಮದ ಚಿತ್ರ ಚೆನ್ನ. ಫೋನನ್ನು ಎಳೆದು ಹಿಗ್ಗಿಸಿದರೆ ಮಸುಕೂ ಹಿಗ್ಗುತ್ತದೆ, ಅಗಲವಾಗಿಯೇ ತೆಗೆಯಿರಿ. ಕೆಂಪು ಹೂವು ತೆಗೆಯುವಾಗ ಎಸಳನ್ನು ಪರದೆಯ ಮೇಲೆ ಮುಟ್ಟಿ ಬೆಳಕನ್ನು ಸ್ವಲ್ಪ ಕೆಳಗೆಳೆಯಿರಿ, ಇಲ್ಲದಿದ್ದರೆ ಕೆಂಪು ಒಂದೇ ಮುದ್ದೆಯಾಗಿ ಎಸಳಿನ ಗೆರೆ ಅಳಿಸಿಹೋಗುತ್ತದೆ. ಡ್ರೋನ್‌ಗೆ ಅನುಮತಿ ಬೇಕು.

ಗುಡ್ಡಗಳಲ್ಲಿ ಹೆಜ್ಜೇನು ಇರುತ್ತದಂತೆ, ಹೆದರಿಕೆ ಆಗುತ್ತದೆ. – ಓದುಗರು, ಮೋಕಾ

ಹೆದರಿಕೆಗಿಂತ ಎಚ್ಚರ ಬೇಕು. ಬೇವು, ಹೊಂಗೆ, ಜಾಲಿ ಹೂವಾಗುವ ಕಾಲದಲ್ಲೇ ಹೆಜ್ಜೇನು ಬಂದು ಬಂಡೆಯ ಚಾಚಿನಡಿ, ಎತ್ತರದ ಗೋಡೆಗಳಿಗೆ ಗೂಡು ಕಟ್ಟುತ್ತದೆ. ಅಂದರೆ ಹೂವಿನ ಕಾಲವೇ ಜೇನಿನ ಕಾಲ. ತಲೆಯೆತ್ತಿ ನೋಡಿ ಕಪ್ಪು ಅರೆಚಂದ್ರ ತೂಗುತ್ತಿದ್ದರೆ ಅದರಡಿ ನಿಲ್ಲಬೇಡಿ. ಹೊಗೆ, ಗಾಢ ಅತ್ತರು, ಕಲ್ಲೆಸೆತ ಅವನ್ನು ಕೆರಳಿಸುತ್ತವೆ.

ಒಂದು ಕುಟುಕಿದರೆ ಅಲ್ಲಿಂದ ಹೊರಡುವ ವಾಸನೆಗೆ ಉಳಿದವು ಬರುತ್ತವೆ. ಕೈ ಬೀಸಬೇಡಿ, ಹೊಡೆದು ಸಾಯಿಸಬೇಡಿ. ಟವಲ್ಲೋ ಸೆರಗೋ ಮುಖ–ತಲೆಗೆ ಸುತ್ತಿ ಬೇಗ ದೂರ ಸರಿಯಿರಿ, ಆದರೆ ಇಳಿಜಾರಿನಲ್ಲಿ ಓಡಬೇಡಿ. ಬಿದ್ದರೆ ಪೆಟ್ಟು ಕುಟುಕಿಗಿಂತ ದೊಡ್ಡದು. ದೊಣೆಗಂತೂ ಇಳಿಯಲೇಬೇಡಿ. ದೂರ ಬಂದ ಕೂಡಲೇ ಕೊಂಡಿಯನ್ನು ಉಗುರಿನಿಂದ ಕೆರೆದು ತೆಗೆಯಿರಿ, ತಡವಾದಷ್ಟೂ ವಿಷ ಇಳಿಯುತ್ತಿರುತ್ತದೆ. ಉಸಿರು ಕಟ್ಟಿದರೆ, ತುಟಿ–ನಾಲಗೆ ಊದಿದರೆ, ಹತ್ತಾರು ಕಡೆ ಕುಟುಕಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ.

ನಮ್ಮ ಶಾಲೆಯ ಮಕ್ಕಳಿಂದ ಕೋಟೆ ಗುಡ್ಡದ ಮೇಲೆ ಬೀಜದುಂಡೆ ಎಸೆಸಬೇಕೆಂದಿದ್ದೇವೆ, ಮುಂದೆ ಹೂವಾದೀತು. – ಶಿಕ್ಷಕರು, ಬಳ್ಳಾರಿ ತಾಲೂಕು

ಆಸೆ ಒಳ್ಳೆಯದು, ಜಾಗ ಮಾತ್ರ ಅದಲ್ಲ. ಕೋಟೆ ಗೋಡೆಯ ಸಂದಿಗೆ ಬಿದ್ದ ಬೀಜ ಮೊಳೆತರೆ ಬೇರು ಒಳಗೊಳಗೇ ದಪ್ಪವಾಗುತ್ತ ಕಲ್ಲನ್ನು ಬಿರಿಸುತ್ತದೆ. ಅರಳಿ, ಆಲಗಳು ಹಳೆಯ ಕಟ್ಟಡಗಳನ್ನು ಹಾಳುಮಾಡುವುದು ಹೀಗೆಯೇ. ಸಂರಕ್ಷಿತ ಸ್ಮಾರಕಕ್ಕೆ ಧಕ್ಕೆ ತಂದರೆ, ಬಂಡೆಯ ಮೇಲೆ ಹೆಸರು ಗೀಚಿದರೂ, 2 ವರ್ಷದ ತನಕ ಸೆರೆ, 1 ಲಕ್ಷ ರೂಪಾಯಿ ತನಕ ದಂಡ ಇಲ್ಲವೇ ಎರಡೂ ಆಗಬಹುದು.

ಶಾಲೆಯ ಅಂಗಳದಲ್ಲಿ, ಊರ ಗೋಮಾಳದಲ್ಲಿ ಹಾಕಿಸಿ. ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜವಿರುತ್ತದೆ. ಮೇ–ಜೂನಿನಲ್ಲಿ ಆರಿಸಿ ಅದೇ ಮಳೆಗೆ ಬಿತ್ತಿ, ಹಳೆಯದಾದರೆ ಮೊಳೆಯುವ ಶಕ್ತಿ ಕುಂದುತ್ತದೆ. ಕಕ್ಕೆಯದು ಇದಕ್ಕೆ ತದ್ವಿರುದ್ಧ: ಸಿಪ್ಪೆ ಗಟ್ಟಿ, ನೀರೇ ಇಳಿಯುವುದಿಲ್ಲ. ಬೀಜದ ಒಂದು ಬದಿಯನ್ನು ಒರಟು ಕಲ್ಲಿಗೆ ಉಜ್ಜಿ, ನೀರಿಗೆ ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಊದಿದವನ್ನು ಮಾತ್ರ ಅರ್ಧ ಇಂಚು ಆಳಕ್ಕೆ ಊರಿ, ಊದದವನ್ನು ಮತ್ತೆ ಉಜ್ಜಿ ನೆನೆಸಿ. ಬೀಜದುಂಡೆ ಎಸೆಯುವುದಕ್ಕಿಂತ ಚೀಲದಲ್ಲಿ ಸಸಿ ಬೆಳೆಸಿ ನೆಡುವುದು ಬಳ್ಳಾರಿಯ ಕಡಿಮೆ ಮಳೆಗೆ ಹೊಂದುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು, ಸುತ್ತ ಆಡು ಮೇಯದಂತೆ ಮುಳ್ಳಿನ ಬೇಲಿ.

ನಾವು ಕೊಪ್ಪಳದವರು. ಬಳ್ಳಾರಿ ತನಕ ಬರಲಾಗದವರಿಗೆ ಹತ್ತಿರ ಯಾವುದಾದರೂ? – ಓದುಗರು, ಕೊಪ್ಪಳ

ನಿಮ್ಮೂರಲ್ಲೇ ಗವಿಮಠದ ಗುಡ್ಡ ಮತ್ತು ಪಾಲ್ಕಿಗುಂಡು ಇವೆ, ಎರಡರಲ್ಲೂ ಅಶೋಕನ ಶಾಸನವಿದೆ. ಎತ್ತರದ ನೋಟ ಬೇಕಾದರೆ ಆನೆಗೊಂದಿಯ ಅಂಜನಾದ್ರಿ, 575 ಮೆಟ್ಟಿಲು. ಬಿಸಿಲು ಏರುವ ಮೊದಲು ಹತ್ತಿದರೆ ತುಂಗಭದ್ರೆಯ ದಡದ ಗದ್ದೆಗಳ ಹಸಿರು ಬೇಸಿಗೆಯಲ್ಲೂ ಕಾಣಸಿಗುತ್ತದೆ. ಶನಿವಾರ ಭಕ್ತರ ಸಾಲು ಉದ್ದ, ಬೇರೆ ದಿನ ಹೋಗಿ.